ಬೀಗವನ್ನು ಕಾಣದ ವಿಮರ್ಶಕರು

ಗಿರೀಶ ಕಾರ್ನಾಡರ 'ನಾಗಮಂಡಲ' ಎಲ್ಲಿ ಆಡಿದರೂ ಮರುವಾರ ಪತ್ರಿಕೆಯಲ್ಲಿ ಬರುವ ವಿಮರ್ಶೆಯನ್ನು ಓದದೆಯೇ ಹೇಳಬಹುದು. ಬೆಳಕಿನ ವಿನ್ಯಾಸ ಹಿತಮಿತವಾಗಿತ್ತು, ಹಾವಿನ ಚಲನೆ ಸೊಗಸಾಗಿತ್ತು, ಜಾನಪದ ಮಟ್ಟುಗಳು ಕಿವಿಗೆ ಇಂಪಾಗಿದ್ದವು, ಹೆಣ್ಣಿನ ಸುಪ್ತ ಕಾಮನೆಗಳ ಅನಾವರಣವಾಯಿತು. ಬಾಗಿಲಿಗೆ ಅಪ್ಪಣ್ಣ ಹಾಕುವ ಬೀಗವೋ, ಅದೊಂದು ಸಂಕೇತ!

ಗೆಳತಿಯರೇ, ಆ ಬೀಗ ಯಾವುದರ ಸಂಕೇತ? ಗಂಡನಾದವನು ಹೆಂಡತಿಯನ್ನು ಮನೆಯೊಳಗೆ ಕೂಡಿಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಸೂಳೆಯ ಮನೆಗೆ ಹೋಗುತ್ತಾನೆ. ಊಟಕ್ಕೆ ಮಾತ್ರ ಬರುತ್ತಾನೆ. ಇದಕ್ಕೆ ಭಾರತೀಯ ದಂಡ ಸಂಹಿತೆಯಲ್ಲಿ ಅಕ್ರಮ ಬಂಧನವೆಂಬ ಹೆಸರಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯಲ್ಲೂ ಇದು ಅಪರಾಧವೇ. ಹೆಂಡತಿಯ ಮೇಲಿನ ಕ್ರೌರ್ಯಕ್ಕೆ 1983ರಲ್ಲೇ 498ಎ ಕಲಂ ಬಂತು. ಪೊಲೀಸ್ ಠಾಣೆಯ ಜಮಾದಾರನಿಗೆ ಗೊತ್ತಿರುವ ಸಂಗತಿ ಸಾಹಿತ್ಯ ಓದಿದ ವಿಮರ್ಶಕನಿಗೆ ಗೊತ್ತಿಲ್ಲವೆಂದರೆ ನಂಬಬೇಕೇ?

ಈ ನಾಟಕವನ್ನು ನಾನು ಪಾಠ ಮಾಡಿದ್ದೇನೆ. ಹಳ್ಳಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಆಕೀಗೆ ಅವ್ವ-ಅಪ್ಪ ಇದ್ರಲ್ರೀ ಮೇಡಂ, ಯಾಕ ಬಂದು ನೋಡಲಿಲ್ಲ?" ಎಂದಳು. ಪಾಂಡಿತ್ಯದ ಎಷ್ಟೋ ಲೇಖನಗಳಲ್ಲಿ ನಾನು ಕಾಣದ ಪ್ರಶ್ನೆ. ರಾಣಿ ಒಬ್ಬಳೇ ಮಗಳು. ವರ ಶ್ರೀಮಂತ, ಅತ್ತೆ-ಮಾವ ಇಲ್ಲ. ಇಷ್ಟು ಸಾಕಾಯಿತು ಹೆತ್ತವರಿಗೆ. ಯಲವಿಗಿಯಿಂದ ಹಾನಗಲ್ಲಿನವರೆಗೆ ಇಂದಿಗೂ ಮಗಳನ್ನು ಕೊಡುವಾಗ ಕೇಳುವುದು ಹೊಲವೆಷ್ಟು, ನೌಕರಿ ಏನು ಎಂದೇ. ಅವನ ಕೈ ಹೇಗೆ ಎಂದು ಕೇಳುವವರು ಯಾರು?

ಇನ್ನು ದಿವ್ಯದ ಪ್ರಸಂಗ. ಬಸಿರಾದವಳು ರಾಣಿ, ಹುತ್ತಕ್ಕೆ ಕೈ ಇಟ್ಟು ನಾಗನನ್ನು ಹಿಡಿದು ಪಂಚರ ಮುಂದೆ ಪ್ರಮಾಣ ಮಾಡಬೇಕಾದವಳೂ ಅವಳೇ. ಊರಿಗೆಲ್ಲ ಗೊತ್ತಿರುವ ಹಾಗೆ ಹಾದರ ಮಾಡಿದ ಅಪ್ಪಣ್ಣನಿಂದ ಆಣೆ ಕೇಳುವವರಿಲ್ಲ. ಹೆಡೆ ಬಿಚ್ಚಿದ ನಾಗ ಅವಳನ್ನು ದೇವಿ ಮಾಡುತ್ತದೆ, ಅದನ್ನೇ ವಿಮರ್ಶಕರು 'ಸ್ತ್ರೀಶಕ್ತಿಯ ವಿಜಯ' ಎನ್ನುತ್ತಾರೆ. ದೇವಿಯಾದವಳು ಅದೇ ಮನೆಗೆ, ಅದೇ ಗಂಡನ ಬಳಿಗೆ ಹೋಗುತ್ತಾಳೆ. ಅವನ ಸೂಳೆ ಪಶ್ಚಾತ್ತಾಪಪಟ್ಟು ಆ ಮನೆಯ ಆಳಾಗುತ್ತಾಳೆ. ಇಬ್ಬರು ಹೆಂಗಸರ ತಲೆಯ ಮೇಲೆ ಗಂಡಸಿನ ಸಂಸಾರ ನಿಂತಿತು! (ನಮ್ಮೂರ ಕಡೆ ಗುಡಿಯ ಮುಂದೆ ಸೊಸೆಯಿಂದ ಆಣೆ ಮಾಡಿಸುವ ಹಿರಿಯರಿಗೆ ನಾಗ ಬಂದು ಸಾಕ್ಷಿ ಹೇಳುವುದಿಲ್ಲ, ಅಷ್ಟೇ ವ್ಯತ್ಯಾಸ.)

ಕಾರ್ನಾಡರನ್ನು ನಾನು ದೂರುತ್ತಿಲ್ಲ. ನಾಟಕದೊಳಗೆ ಕಥೆ ಕೇಳುವ ಪಾತ್ರವೇ ಮೊದಲ ಸುಖಾಂತವನ್ನು ಒಪ್ಪದೆ ತಕರಾರು ತೆಗೆಯುತ್ತದೆ. ನಾಟಕಕಾರರು ಬೇರೆ ಮುಕ್ತಾಯಗಳನ್ನೂ ಇಟ್ಟಿದ್ದಾರೆ. 1993ರಲ್ಲಿ ಅಮೆರಿಕದ ಗಥ್ರಿ ರಂಗಮಂದಿರದಲ್ಲಿ ಆಡಿದ, 1997ರಲ್ಲಿ ನಾಗಾಭರಣರ ಕೈಯಲ್ಲಿ ಸಿನಿಮಾ ಆದ ಈ ಕೃತಿಯಲ್ಲಿ ಅನುಮಾನಕ್ಕೆ ಜಾಗವಿದೆ. ಅನುಮಾನಪಡದವರು ನೋಡುವವರು, ಬರೆಯುವವರು.

ಇದು ನಮ್ಮಲ್ಲಿ ಮಾತ್ರದ ರೋಗವಲ್ಲ. ಇಬ್ಸೆನ್‌ನ 'ಗೊಂಬೆಮನೆ' 1880ರಲ್ಲಿ ಜರ್ಮನಿಗೆ ಹೋದಾಗ, ಮಕ್ಕಳನ್ನು ಬಿಟ್ಟು ಹೋಗುವ ನೋರಾಳ ಪಾತ್ರ ತಾನು ಮಾಡಲಾರೆನೆಂದು ನಟಿ ಹೆಡ್ವಿಗ್ ನೀಮಾನ್-ರಾಬೆ ಹಟ ಹಿಡಿದಳು. ಇಬ್ಸೆನ್ ಬೇರೆ ಮುಕ್ತಾಯ ಬರೆದುಕೊಡಬೇಕಾಯಿತು. ನೋರಾ ಮನೆಯಲ್ಲೇ ಉಳಿದಳು. ಅದನ್ನು ಅವನೇ ಅನಾಗರಿಕ ಕೃತ್ಯವೆಂದು ಜರೆದ. ಅಲ್ಲಿ ಒತ್ತಾಯ ಮಾಡಿ ಬಾಗಿಲು ಮುಚ್ಚಿಸಿದರು. ನಮ್ಮ ವಿಮರ್ಶಕರಿಗೆ ಆ ಶ್ರಮವೂ ಇಲ್ಲ, ಬೀಗವನ್ನು ರೂಪಕವೆಂದು ಕರೆದರಾಯಿತು.

"ಕಲೆಯನ್ನು ಠಾಣೆಗೆ ಎಳೆಯಬೇಡಿ" ಎನ್ನುವವರಿದ್ದಾರೆ. ಎಳೆಯುತ್ತಿಲ್ಲ. ನಟ ಕೈ ಎತ್ತಿದಾಗ ಸಭೆಯಲ್ಲಿ ಏನಾಯಿತೆಂದು ಬರೆಯುವುದೂ ರಂಗವಿಮರ್ಶೆಯೇ. ಹಾವೇರಿಯಲ್ಲೋ ಶೇಷಗಿರಿಯ ರಂಗಮಂದಿರದಲ್ಲೋ ಈ ನಾಟಕ ಮತ್ತೆ ಬಂದಾಗ ವಿಮರ್ಶಕರು ಮುಂದಿನ ಸಾಲಿನ ಕುರ್ಚಿ ಬಿಟ್ಟು ಹೆಣ್ಣುಮಕ್ಕಳ ಕಡೆ ಬಂದು ಕೂಡಲಿ. ಅಪ್ಪಣ್ಣ ಬೀಗ ಹಾಕುವಾಗ ಗಂಡಸರ ಕಡೆಯಿಂದ ನಗೆ ಬಂದೀತು. ಆಗ ಈ ಕಡೆ ಯಾರು ನಗಲಿಲ್ಲ ಎಂಬುದನ್ನು ನೋಡಿ ಬರೆಯಲಿ.