ಕಾಲ್ಪನಿಕ ಸಂಖ್ಯೆಯೂ ಕಾಫಿ ತೋಟದ ಪಂಪೂ

ಋಣ ಒಂದರ ವರ್ಗಮೂಲಕ್ಕೆ ‘ಕಾಲ್ಪನಿಕ’ವೆಂಬ ಹೆಸರು ಅಂಟಿಕೊಂಡದ್ದು ವಿದ್ಯಾರ್ಥಿಗಳ ದುರದೃಷ್ಟ. ಪ್ರಥಮ ಪಿ.ಯು.ಸಿ.ಯ ಗಣಿತದಲ್ಲಿ ಸಂಮಿಶ್ರ ಸಂಖ್ಯೆಗಳನ್ನು ಕಲಿತವರು, ಮರುವರ್ಷ ಭೌತಶಾಸ್ತ್ರದಲ್ಲಿ ಪರ್ಯಾಯ ವಿದ್ಯುತ್ ಪ್ರವಾಹವನ್ನು ಬಾಣಗಳ ಚಿತ್ರದಿಂದ ಕಲಿಯುತ್ತಾರೆ. ಎರಡೂ ಒಂದೇ ಲೆಕ್ಕದ ಎರಡು ಮುಖಗಳೆಂದು ತಿಳಿಯುವವರು ವಿರಳ. ಈ ಪಾಠಗಳನ್ನು ಬೆಸೆಯಲೇಬೇಕೆಂಬುದು ನನ್ನ ಅಭಿಪ್ರಾಯ.

ನಾಪೋಕ್ಲಿನ ಕಾಫಿ ತೋಟವೊಂದನ್ನು ನೆನೆಯಿರಿ. ಹೂಮಳೆ ತಡವಾಗಿದೆ, ವಿದ್ಯುತ್ ಪಂಪಿನಿಂದ ಗಿಡಗಳಿಗೆ ನೀರು ಹಾಯಿಸಬೇಕು. ಓಡುತ್ತಿರುವ ಮೋಟಾರನ್ನು, ಲೆಕ್ಕದ ಸೌಕರ್ಯಕ್ಕಾಗಿ, ೧೨ ಓಮ್ ರೋಧವೂ ೧೬ ಓಮ್ ರಿಯಾಕ್ಟೆನ್ಸೂ ಉಳ್ಳ ಸುರುಳಿಯೆಂದು ಭಾವಿಸೋಣ. ಇವೆರಡು ಕೂಡಿದರೆ ೨೮ ಆಗುವುದಿಲ್ಲ, ೨೦ ಆಗುತ್ತದೆ! ರೋಧದಲ್ಲಿ ಪ್ರವಾಹವು ವೋಲ್ಟೇಜಿನೊಡನೆ ಹೆಜ್ಜೆಹಾಕುತ್ತದೆ. ಶುದ್ಧ ಸುರುಳಿಯಲ್ಲಾದರೋ ಕಾಲು ಆವರ್ತದಷ್ಟು, ಎಂದರೆ ೯೦ ಡಿಗ್ರಿ, ಹಿಂದುಳಿಯುತ್ತದೆ. ಋಣ ಒಂದರ ವರ್ಗಮೂಲದಿಂದ ಗುಣಿಸುವುದೆಂದರೂ ೯೦ ಡಿಗ್ರಿ ತಿರುಗಿಸುವುದೇ. ಎರಡು ಸಲ ತಿರುಗಿಸಿದರೆ ಮುಖ ಹಿಂದಕ್ಕಾಗುತ್ತದೆ. ಅದೇ ಋಣ ಒಂದು. ಇದರಲ್ಲಿ ಕಾಲ್ಪನಿಕವಾದುದೇನಿದೆ? ವಿದ್ಯುತ್ ಎಂಜಿನಿಯರುಗಳು ಇದನ್ನು ‘ಜೆ’ ಎಂದು ಬರೆಯುತ್ತಾರೆ. ‘ಐ’ ಅಕ್ಷರ ಅವರಿಗೆ ಪ್ರವಾಹದ ಗುರುತು.

೨೩೦ ವೋಲ್ಟಿಗೆ ಈ ಮೋಟಾರು ೧೧.೫ ಆಂಪಿಯರ್ ಎಳೆಯುತ್ತದೆ. ಅಷ್ಟೇ ಕೆಲಸಕ್ಕೆ ನಿಜವಾಗಿ ಬೇಕಾದುದು ೬.೯ ಮಾತ್ರ. ಹೆಚ್ಚಾದ ಪ್ರವಾಹದಿಂದ ತಂತಿಯಲ್ಲಿ ಶಾಖವಾಗಿ ಸೋರುವ ಶಕ್ತಿ ಸುಮಾರು ೨.೮ ಪಟ್ಟಾಗುತ್ತದೆ. ಪರಿಹಾರವೇನು? ಒಂದನ್ನು (೧೨ + ಜೆ೧೬)ರಿಂದ ಭಾಗಿಸಿರಿ; ೦.೦೩ − ಜೆ೦.೦೪ ಬರುತ್ತದೆ. ಎರಡನೆಯ ಪದವನ್ನು ಅಳಿಸಲು + ಜೆ೦.೦೪ ಬೇಕು: ಮೋಟಾರಿಗೆ ಸಮಾಂತರವಾಗಿ ೨೫ ಓಮ್ ರಿಯಾಕ್ಟೆನ್ಸಿನ, ೫೦ ಹರ್ಟ್ಸಿನಲ್ಲಿ ಸುಮಾರು ೧೨೭ ಮೈಕ್ರೋಫ್ಯಾರಡಿನ, ಒಂದು ಕೆಪಾಸಿಟರ್. ತಂತಿಯ ಪ್ರವಾಹ ೬.೯ಕ್ಕೆ ಇಳಿಯಿತು. (ಬಾಣಗಳಿಂದಲೂ ಇದನ್ನು ಸಾಧಿಸಬಹುದು, ಬಗೆಬಗೆಯ ಮೂರು ಪಂಪುಗಳಿದ್ದರೆ ಕಾಗದ ಸಾಲದು, ತಾಳ್ಮೆಯೂ ಸಾಲದು.)

ಈ ವಿಧಾನವನ್ನು ಚಾರ್ಲ್ಸ್ ಸ್ಟೈನ್‌ಮೆಟ್ಸ್ ೧೮೯೩ರಲ್ಲಿ ಚಿಕಾಗೋದ ವಿದ್ಯುತ್ ಸಮ್ಮೇಳನದಲ್ಲಿ ಮಂಡಿಸಿದನು. ಒಂಬತ್ತು ವರ್ಷಗಳ ತರುವಾಯ, ೧೯೦೨ರಲ್ಲಿ, ನಾಪೋಕ್ಲಿನ ಬಳಿ ಹರಿದುಬರುವ ಕಾವೇರಿಯೇ ಶಿವನಸಮುದ್ರದಲ್ಲಿ ಧುಮುಕಿ, ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಪರ್ಯಾಯ ವಿದ್ಯುತ್ತನ್ನು ಕಳುಹಿಸಿತು. ಅಷ್ಟು ಉದ್ದದ ತಂತಿ ತಾನೇ ಒಂದು ಸುರುಳಿಯಂತೆಯೂ ಕೆಪಾಸಿಟರಿನಂತೆಯೂ ವರ್ತಿಸುತ್ತದೆ. ಅದರ ಲೆಕ್ಕಕ್ಕೆ ‘ಜೆ’ಯಂತಹ ಸಹಾಯಕ ಬೇರೊಂದಿಲ್ಲ.

ಪಾಠದ ಹೊರೆ ಹೆಚ್ಚೀತೆಂದು ಕೆಲವರು ಆಕ್ಷೇಪಿಸಬಹುದು. ಬಾಣಗಳ ಚಿತ್ರವನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದರ ಪಕ್ಕದಲ್ಲಿ ಅದೇ ಲೆಕ್ಕವನ್ನು ಸಂಮಿಶ್ರ ಸಂಖ್ಯೆಯಿಂದ ಮಾಡಿ ತೋರಿಸಲು ಎರಡು ತರಗತಿಗಳು ಸಾಕು. ಮೇಲಿನ ಪಂಪಿಗೆ ಬೇಕಾದುದು ಒಂದು ಭಾಗಾಕಾರ ಮಾತ್ರ.