ಕತ್ತಲಲ್ಲಿ ಕೂತು ಹೆದರುವ ಸುಖ



ಕಳೆದ ಕ್ರಿಸ್ಮಸ್ ರಜೆಯಲ್ಲಿ ಸಾನಮಾವಿನ ನೆಂಟರ ಮನೆಯಲ್ಲಿ ಎರಡು ದಿನ ಇದ್ದೆವು. ಹೊಸೂರಿನಿಂದ ರಾಯಕೋಟೆ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತರೆ ಸ್ವಲ್ಪ ಹೊತ್ತಿಗೇ ಕಾಡು ಎದುರಾಗುತ್ತದೆ. ಆ ಕಾಡಿನ ಹೆಸರು ಕೇಳಿದರೆ ಈ ಭಾಗದವರಿಗೆ ಮೊದಲು ನೆನಪಾಗುವುದು ಆನೆ. ರಾಗಿ ತೆನೆ ಬಲಿಯುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಹೊರಟ ಹಿಂಡುಗಳು ತಳಿ, ಜವಳಗಿರಿ, ಡೆಂಕಣಿಕೋಟೆ ಕಾಡುಗಳನ್ನು ಹಾಯ್ದು ಇಲ್ಲಿಗೆ ಬಂದು ಬೀಡುಬಿಡುತ್ತವೆ. ಹಗಲೆಲ್ಲ ಕಾಡಿನೊಳಗೆ, ರಾತ್ರಿಯಾದರೆ ಹೊಲದೊಳಗೆ. ಆದ್ದರಿಂದ ಚಳಿಗಾಲದಲ್ಲಿ ಸಂಜೆ ಆರರ ಮೇಲೆ ಅಲ್ಲಿ ಯಾರೂ ಸುಮ್ಮನೆ ಹೊರಗೆ ತಿರುಗುವುದಿಲ್ಲ. ಊಟ ಬೇಗ ಮುಗಿಯುತ್ತದೆ, ಬಾಗಿಲು ಬೇಗ ಹಾಕುತ್ತಾರೆ, ಮಕ್ಕಳಿಗೆ ಟೀವಿಯೇ ಗತಿ.

ಆ ರಾತ್ರಿ ಹುಡುಗರು ಹಾಕಿದ್ದು 'ಜುರಾಸಿಕ್ ಪಾರ್ಕ್'. ಮನೆಯ ತಾತ ಕಂಬಳಿ ಹೊದ್ದು ಗೋಡೆಗೆ ಒರಗಿ ಕೂತಿದ್ದರು. ಅವರಿಗೆ ಇಂಗ್ಲಿಷ್ ಬಾರದು, ಕಥೆಯೂ ಗೊತ್ತಿಲ್ಲ. ಮಳೆಯಲ್ಲಿ ಕಾರು ನಿಂತಿರುತ್ತದೆ, ಒಳಗೆ ಮಕ್ಕಳು ಕೂತಿರುತ್ತಾರೆ, ಮುಂದೆ ಇಟ್ಟ ಲೋಟದ ನೀರು ಸಣ್ಣಗೆ ನಡುಗುತ್ತದೆ. ಒಮ್ಮೆ ನಡುಗಿ ನಿಲ್ಲುತ್ತದೆ, ಮತ್ತೆ ನಡುಗುತ್ತದೆ. ಅಷ್ಟಕ್ಕೇ ತಾತ ನೆಟ್ಟಗೆ ಕೂತರು. ಆಮೇಲೆ ಆ ದೈತ್ಯ ಪ್ರಾಣಿ ಬೇಲಿ ಹರಿದು ಬಂದು ಬಾಯಿ ತೆರೆದು ಅಬ್ಬರಿಸಿದಾಗ, "ಇದರಾಗೆ ಆನೆ ಮರಿ ಕೂಗು ಐತೆ ಕಣ್ರಪ್ಪಾ" ಎಂದರು. ಹುಡುಗರು ನಕ್ಕುಬಿಟ್ಟರು. "ತಾತಾ, ಅದು ಡೈನೋಸಾರ್!"

ನಗಬಾರದಿತ್ತು. ಆ ಚಿತ್ರಕ್ಕೆ ಸದ್ದು ಕೂಡಿಸಿದ ಗ್ಯಾರಿ ರೈಡ್‌ಸ್ಟ್ರಾಮ್ ಎಂಬವರು ಆ ಅಬ್ಬರವನ್ನು ಮಾಡಿದ್ದೇ ಆನೆ ಮರಿಯ ಕೂಗಿನಿಂದ. ಅದನ್ನು ನಿಧಾನ ಮಾಡಿ, ಜೊತೆಗೆ ಹುಲಿಯ ಗರ್ಜನೆ, ಮೊಸಳೆ ಜಾತಿಯ ಪ್ರಾಣಿಯ ಗುಟುರು ಸೇರಿಸಿದ್ದರು. ಜಗತ್ತೆಲ್ಲ ಕೇಳಿದ ಆ ಸದ್ದಿನ ಒಂದು ಪಾಲನ್ನು ಸಾನಮಾವಿನ ರೈತ ಒಬ್ಬರು ಗೋಡೆಗೆ ಒರಗಿಕೊಂಡೇ ಹಿಡಿದುಬಿಟ್ಟರು.

ಮಾರನೆಯ ದಿನ ಬೆಳಿಗ್ಗೆ ಒಲೆಯ ಮುಂದೆ ಕೂತಿದ್ದ ಮನೆಯೊಡತಿ ನಮ್ಮನ್ನು ಕೇಳಿದರು: "ದಿನಾ ರಾತ್ರಿ ಆನೆಗೆ ಹೆದರಿಕೊಂಡು ಬದುಕೋರು ನಾವು. ಇವು ಮತ್ತೆ ದುಡ್ಡು ಕೊಟ್ಟು ಹೆದರಿಕೆ ನೋಡ್ತಾವಲ್ಲಾ, ಇದರಾಗೆ ಏನು ಸುಖ ಐತೆ ಅಣ್ಣಾ?" ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಈ ಸಲದ ಅಂಕಣ ಆ ಪ್ರಶ್ನೆಯ ಬೆನ್ನು ಹತ್ತಿದ್ದು.

ಹಾಲಿವುಡ್ ಎಂದರೆ ಕೋಟಿಗಟ್ಟಲೆ ಖರ್ಚು, ಕಂಪ್ಯೂಟರ್ ಮಾಯೆ, ಅದಕ್ಕೇ ಜನ ಮುಗಿಬೀಳುತ್ತಾರೆ ಎಂಬ ಮಾತಿದೆ. ಪೂರ್ತಿ ನಿಜವಲ್ಲ. 1993ರಲ್ಲಿ ಬಿಡುಗಡೆಯಾದ 'ಜುರಾಸಿಕ್ ಪಾರ್ಕ್' ಎರಡು ಗಂಟೆಗೂ ಮೇಲ್ಪಟ್ಟ ಚಿತ್ರ. ಅದರಲ್ಲಿ ಡೈನೋಸಾರ್‌ಗಳು ಕಣ್ಣಿಗೆ ಬೀಳುವುದು ಹೆಚ್ಚುಕಡಿಮೆ ಕಾಲು ಗಂಟೆ. ಉಳಿದ ಹೊತ್ತೆಲ್ಲ ಅವು ಬರುತ್ತವೆ ಎಂದು ನಾವು ಕಾಯುತ್ತಿರುತ್ತೇವೆ. ಲೋಟದ ನೀರು ನಡುಗಿದ್ದೂ ದೊಡ್ಡ ಯಂತ್ರದಿಂದಲ್ಲ. ಕಾರಿನ ಮುಂಭಾಗದ ಅಡಿಯಲ್ಲಿ ಗಿಟಾರಿನ ತಂತಿ ಕಟ್ಟಿ, ಕೆಳಗಿನಿಂದ ಒಬ್ಬರು ಮೀಟುತ್ತಿದ್ದರು, ಅಷ್ಟೆ! ಇಡೀ ಚಿತ್ರದಲ್ಲಿ ನೋಡುಗರ ನೆನಪಿನಲ್ಲಿ ಉಳಿದದ್ದು ಒಂದು ಲೋಟ ನೀರು ಮತ್ತು ಒಂದು ತಂತಿ.

ಅದೇ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ 1975ರಲ್ಲಿ 'ಜಾಸ್' ತೆಗೆದಾಗ ಈ ಗುಟ್ಟನ್ನು ಕಷ್ಟದಿಂದ ಕಲಿತರು. ಯಂತ್ರದಿಂದ ಮಾಡಿಸಿದ ಶಾರ್ಕ್ ಮೀನು ಸಮುದ್ರದ ಉಪ್ಪುನೀರಿಗೆ ಇಳಿದ ಮೇಲೆ ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಬೇರೆ ದಾರಿ ಇಲ್ಲದೆ ಮೀನನ್ನು ತೋರಿಸದೆ ಕಥೆ ನಡೆಸಿದರು. ನೀರಿನ ಮೇಲೆ ತೇಲುವ ಪೀಪಾಯಿ, ಜಾನ್ ವಿಲಿಯಮ್ಸ್ ಅವರ ಎರಡೇ ಸ್ವರಗಳ ಸಂಗೀತ, ಇಷ್ಟರಲ್ಲೇ ಜನ ಬೆವರಿದರು. ಮೀನು ಸರಿಯಾಗಿ ಕಾಣಿಸುವುದು ಒಂದು ಗಂಟೆ ಕಳೆದ ಮೇಲೆ.

ಸಾನಮಾವಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊಲ ಕಾಯುವವರಿಗೆ ಆನೆ ಮೊದಲು ಕಾಣುವುದಿಲ್ಲ. ಬಿದಿರು ಮುರಿದ ಸದ್ದು, ನಾಯಿ ಬೊಗಳುವುದು ನಿಲ್ಲಿಸಿದ್ದು, ಗಾಳಿಯಲ್ಲಿ ಒಂದು ವಾಸನೆ. ಎದೆ ಡವಗುಟ್ಟುವುದು ಆಗಲೇ. ಆನೆ ಎದುರು ಬಂದ ಮೇಲೆ ಡವಗುಟ್ಟುವುದಕ್ಕೆ ಪುರಸೊತ್ತಿರುವುದಿಲ್ಲ, ಓಡಬೇಕು.

ರಹಸ್ಯ ಚಿತ್ರಗಳ ದೊರೆ ಎನಿಸಿದ ಆಲ್ಫ್ರೆಡ್ ಹಿಚ್‌ಕಾಕ್ ಇದನ್ನು ಬೇರೊಂದು ರೀತಿಯಲ್ಲಿ ವಿವರಿಸುತ್ತಿದ್ದರು. (ಇವರು ಲಂಡನ್ನಿನ ಕಥೋಲಿಕ ಕುಟುಂಬದವರು, ಯೇಸುಸಭೆಯ ಗುರುಗಳ ಶಾಲೆಯಲ್ಲಿ ಓದಿದವರು. ಹೆದರಿಕೆಯ ಮೊದಲ ಪಾಠ ಅಲ್ಲಿಯೇ ಆಯಿತೇನೋ, ಬೆತ್ತದ ಕಾಲ ಅದು!) ಇಬ್ಬರು ಮೇಜಿನ ಮುಂದೆ ಕೂತು ಹರಟುತ್ತಿದ್ದಾರೆ, ಇದ್ದಕ್ಕಿದ್ದಂತೆ ಮೇಜಿನ ಕೆಳಗೆ ಬಾಂಬು ಸಿಡಿಯುತ್ತದೆ. ನೋಡುಗರು ಒಂದು ಕ್ಷಣ ಬೆಚ್ಚುತ್ತಾರೆ, ಮುಗಿಯಿತು. ಆದರೆ ಬಾಂಬು ಇಟ್ಟಿರುವುದು ನೋಡುಗರಿಗೆ ಮೊದಲೇ ಗೊತ್ತಿದ್ದು, ಕೂತವರಿಗೆ ಗೊತ್ತಿಲ್ಲದಿದ್ದರೆ? ಅದೇ ಹರಟೆ ಆಗ ಉಸಿರು ಬಿಗಿಹಿಡಿಸುತ್ತದೆ. ಎದ್ದು ಹೋಗ್ರಪ್ಪಾ ಎಂದು ನಾವೇ ಕೂಗುವಂತಾಗುತ್ತದೆ.

ನಮ್ಮ ಮಕ್ಕಳು ಪ್ರತಿ ಕ್ರಿಸ್ಮಸ್‌ಗೂ ಬೇಸರವಿಲ್ಲದೆ ನೋಡುವ 'ಹೋಮ್ ಅಲೋನ್' (1990) ನಗೆಚಿತ್ರವಾದರೂ ಇದೇ ಜಾಣತನದ ಮೇಲೆ ನಿಂತಿದೆ. ಮನೆಯವರು ಮರೆತು ಬಿಟ್ಟುಹೋದ ಹುಡುಗ ಕೆವಿನ್, ಕಳ್ಳರಿಗೆ ಎಲ್ಲೆಲ್ಲಿ ಏನೇನು ಇಡಬೇಕೆಂದು ಮೊದಲೇ ನಕ್ಷೆ ಬರೆಯುತ್ತಾನೆ. ಕಳ್ಳ ಬಾಗಿಲ ಹಿಡಿ ಮುಟ್ಟುವ ಮೊದಲೇ ನಮ್ಮ ಮಕ್ಕಳು ನಗಲು ಶುರುಮಾಡಿರುತ್ತಾರೆ. ಆ ಚಿತ್ರದಲ್ಲಿ ನಮಗೆ ಹೆಚ್ಚು ಹಿಡಿಸಿದ್ದು ಮಾತ್ರ ಬಲೆ ಬೀಸುವ ಭಾಗವಲ್ಲ. ಕ್ರಿಸ್ಮಸ್ ಹಿಂದಿನ ರಾತ್ರಿ ಆ ಹುಡುಗ ದೇವಾಲಯಕ್ಕೆ ಹೋಗಿ ಕೂರುತ್ತಾನೆ, ಗಾನವೃಂದ ಹಾಡುತ್ತಿರುತ್ತದೆ. ಇಡೀ ಬೀದಿಯೇ ಕೊಲೆಗಾರನೆಂದು ಹೆದರುವ ಮುದುಕರು ಪಕ್ಕಕ್ಕೆ ಬಂದು ಕೂರುತ್ತಾರೆ. ಮಗನೊಂದಿಗೆ ಜಗಳವಾಡಿ ಮಾತು ಬಿಟ್ಟವರು ಅವರು, ಮೊಮ್ಮಗಳ ಹಾಡು ಕೇಳಲು ಬಂದಿದ್ದಾರೆ. ಮಗನಿಗೆ ಫೋನ್ ಮಾಡಿ ಎಂದು ಎಂಟು ವರ್ಷದ ಹುಡುಗ ಬುದ್ಧಿ ಹೇಳುತ್ತಾನೆ. ಕಳ್ಳರ ಫಜೀತಿಗೆ ನಗುವ ಮನೆಗಳಲ್ಲಿ ಈ ಐದು ನಿಮಿಷ ಎಲ್ಲರೂ ಸುಮ್ಮನಾಗುವುದನ್ನು ನಾವು ನೋಡಿದ್ದೇವೆ. ಮಾತು ಬಿಟ್ಟ ಅಣ್ಣತಮ್ಮಂದಿರು ಯಾವ ಧರ್ಮಕೇಂದ್ರದಲ್ಲಿ ಇಲ್ಲ?

ತೋರಿಸದೆ ಇರುವುದರ ಮಾತು ಬಂತಲ್ಲ, 1959ರ 'ಬೆನ್‌ಹರ್' ನೆನಪಾಗುತ್ತದೆ. 11 ಆಸ್ಕರ್ ಪಡೆದ ಚಿತ್ರ. ಅದರ ರಥದ ಓಟವನ್ನು ಎಲ್ಲರೂ ಹೊಗಳುತ್ತಾರೆ. ಓಟ ನಡೆಯುವಾಗ ಸಂಗೀತವೇ ಇಲ್ಲ, ಕುದುರೆ ಗೊರಸಿನ ಸದ್ದು ಮತ್ತು ಜನರ ಕೂಗು ಮಾತ್ರ ಎಂಬುದನ್ನು ಎಷ್ಟು ಮಂದಿ ಗಮನಿಸಿದ್ದಾರೋ. ನಮ್ಮ ಮನಸ್ಸಿನಲ್ಲಿ ನಿಂತ ದೃಶ್ಯ ಬೇರೆ. ಸರಪಳಿ ಬಿಗಿದ ಕೈದಿ ಬೆನ್‌ಹರ್ ನಜರೇತಿನಲ್ಲಿ ಬಾಯಾರಿ ಬಿದ್ದಿದ್ದಾನೆ. ಬಡಗಿಯೊಬ್ಬರು ಬಂದು ನೀರು ಕೊಡುತ್ತಾರೆ. ರೋಮನ್ ಸೈನಿಕ ತಡೆಯಲು ನುಗ್ಗುತ್ತಾನೆ, ಅವರು ಎದ್ದು ನಿಂತು ಅವನತ್ತ ತಿರುಗುತ್ತಾರೆ. ನಮಗೆ ಕಾಣುವುದು ಅವರ ಬೆನ್ನು ಮಾತ್ರ. ಸೈನಿಕನ ಮುಖ ನೋಡುತ್ತೇವೆ: ಮೊದಲು ಸಿಟ್ಟು, ಆಮೇಲೆ ತಡವರಿಕೆ, ಆಮೇಲೆ ಏನೂ ತೋಚದೆ ಹಿಂದೆ ಸರಿಯುವುದು. ಇಡೀ ಚಿತ್ರದಲ್ಲಿ ಪ್ರಭು ಯೇಸುವಿನ ಮುಖವನ್ನು ಒಮ್ಮೆಯೂ ತೋರಿಸಿಲ್ಲ. ಆ ಸೈನಿಕನ ಮುಖದಲ್ಲಿ ನಾವು ಅದನ್ನು ಕಂಡುಕೊಳ್ಳಬೇಕು. ಇದನ್ನು ತೆಗೆದ ವಿಲಿಯಂ ವೈಲರ್ ಯೆಹೂದಿ ಮನೆತನದವರು.

ಹಾಲಿವುಡ್ಡಿಗೆ ಈ ಸಂಯಮ ತಾನಾಗಿ ಬಂದದ್ದಲ್ಲ, ಅದರಲ್ಲಿ ನಮ್ಮ ಧರ್ಮಸಭೆಯ ಕೈಯೂ ಇದೆ. 1930ರಲ್ಲಿ ಚಿತ್ರಗಳು ಏನು ತೋರಿಸಬಹುದು, ಏನು ತೋರಿಸಬಾರದು ಎಂಬ ನಿಯಮಾವಳಿ ಬರೆದವರು ಯೇಸುಸಭೆಯ ಗುರು ಡೇನಿಯಲ್ ಲಾರ್ಡ್ ಮತ್ತು ಪತ್ರಿಕೋದ್ಯಮಿ ಮಾರ್ಟಿನ್ ಕ್ವಿಗ್ಲಿ. 1934ರಿಂದ ಅದು ಬಿಗಿಯಾಗಿ ಜಾರಿಗೆ ಬಂದು 1968ರವರೆಗೆ ನಡೆಯಿತು. ಅದರಲ್ಲಿ ಅತಿರೇಕಗಳಿದ್ದವು. ಬೇರೆ ಬೇರೆ ಬಣ್ಣದವರು ಮದುವೆಯಾಗುವುದನ್ನು ತೋರಿಸಬಾರದೆಂಬ ನಾಚಿಕೆಗೇಡಿನ ಕಲಮೂ ಆ ನಿಯಮಗಳಲ್ಲಿ ಬಹುಕಾಲ ಇತ್ತು. ಆದರೂ ನೇರವಾಗಿ ತೋರಿಸಲಾಗದ್ದನ್ನು ಮುಚ್ಚಿದ ಬಾಗಿಲು, ನೆರಳು, ಅರ್ಧಕ್ಕೆ ನಿಂತ ಮಾತುಗಳಲ್ಲಿ ಹೇಳುವ ವಿದ್ಯೆ ಆ ಬೇಲಿಯೊಳಗೆ ಬೆಳೆಯಿತೆಂಬುದನ್ನು ಒಪ್ಪಬೇಕು. ಧರ್ಮಸಭೆ ಎಂದರೆ ಸಿನಿಮಾ ವಿರೋಧಿ ಎಂದುಕೊಂಡವರಿಗೆ ಇನ್ನೊಂದು ಮಾತು. ಸಿನಿಮಾಕ್ಕೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ 45 ಚಿತ್ರಗಳ ಪಟ್ಟಿ ಮಾಡಿತು. 'ಬೆನ್‌ಹರ್', 'ಗಾಂಧಿ' ಅದರಲ್ಲಿವೆ ಎಂದರೆ ಆಶ್ಚರ್ಯವಿಲ್ಲ. ಚಾಪ್ಲಿನ್ನರ 'ಮಾಡರ್ನ್ ಟೈಮ್ಸ್', ಮಕ್ಕಳ 'ವಿಝರ್ಡ್ ಆಫ್ ಆಝ್', ಕುದುರೆ ಸವಾರರ 'ಸ್ಟೇಜ್‌ಕೋಚ್' ಕೂಡ ಇವೆ.

ನಮ್ಮ ಹೊಸೂರು ಭಾಗದ ಕನ್ನಡಿಗರ ಸಿನಿಮಾ ಕಥೆಯೇ ಬೇರೆ. ಹಿಂದಿನವರು ಇಂಗ್ಲಿಷ್ ಚಿತ್ರ ನೋಡಲು ಬೆಂಗಳೂರಿನ ಪ್ಲಾಝಾ, ರೆಕ್ಸ್‌ಗಳಿಗೆ ಹೋಗುತ್ತಿದ್ದರು. 1936ರಲ್ಲಿ ಶುರುವಾದ ಪ್ಲಾಝಾ ಇದ್ದ ಜಾಗ ಮೆಟ್ರೋಗೆ ಹೋಯಿತು, ರೆಕ್ಸ್ 2018ರ ಕೊನೆಗೆ ಮುಚ್ಚಿತು. ಆಮೇಲಿನವರು ಹೊಸೂರಿನಲ್ಲೇ ತಮಿಳಿಗೆ ಡಬ್ ಆದ ಚಿತ್ರ ನೋಡಿದರು. ಗಡಿಯಾಚೆ ಕರ್ನಾಟಕದಲ್ಲಿ ಬಹುಕಾಲ ಕನ್ನಡಕ್ಕೆ ಡಬ್ ಮಾಡಲು ಬಿಡುತ್ತಿರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯನ್ನು ತಪ್ಪೆಂದಿತು. 2022ರಲ್ಲಿ 'ಅವತಾರ್' ಎರಡನೇ ಭಾಗ ಕನ್ನಡದಲ್ಲೂ ಬಂತು. ಹೀಗಾಗಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಡೈನೋಸಾರ್ ಬಾಯಲ್ಲಿ ಯಾವುದೂ ಇಲ್ಲ ಎಂಬ ಪರಿಸ್ಥಿತಿಯಲ್ಲಿ ನಮ್ಮ ಒಂದು ತಲೆಮಾರು ಬೆಳೆಯಿತು. ಮಾತು ಅರ್ಧ ತಿಳಿಯದಿದ್ದರೂ ಅವರಿಗೆ ಕಥೆ ತಪ್ಪಲಿಲ್ಲ. ಯಾರಿಗೆ ಏನು ಬೇಕಾಗಿದೆ, ಯಾರು ಅಡ್ಡ ನಿಂತಿದ್ದಾರೆ ಎಂಬುದನ್ನು ಮೊದಲ ಹತ್ತು ನಿಮಿಷದಲ್ಲೇ ಕಣ್ಣಿಗೆ ಕಾಣುವಂತೆ ಇಡುತ್ತಾರೆ ಅಲ್ಲಿನವರು. ಅದಕ್ಕೇ ಇಂಗ್ಲಿಷ್ ಬಾರದ ತಾತನೂ ನೆಟ್ಟಗೆ ಕೂತದ್ದು.

ಇನ್ನು ಮನೆಯೊಡತಿಯ ಪ್ರಶ್ನೆ. ನಮಗೆ ತೋಚಿದ್ದು ಇಷ್ಟು: ಪರದೆಯ ಮೇಲಿನ ಹೆದರಿಕೆಗೆ ಒಂದು ಕರಾರಿದೆ. ಎರಡು ಗಂಟೆಗೆ ಮುಗಿಯುತ್ತದೆ, ಆ ಇಬ್ಬರು ಮಕ್ಕಳು ಬದುಕುತ್ತಾರೆ, ದೀಪ ಹತ್ತಿದ ಮೇಲೆ ನಾವು ಊಟಕ್ಕೆ ಏಳುತ್ತೇವೆ. ಹೊಲದಲ್ಲಿ ಅಂಥ ಕರಾರಿಲ್ಲ. ದಿನವೂ ಕರಾರಿಲ್ಲದ ಹೆದರಿಕೆಯಲ್ಲಿ ಇರುವವರಿಗೆ, ಕೊನೆ ಗೊತ್ತಿರುವ ಹೆದರಿಕೆ ಒಂದು ವಿಶ್ರಾಂತಿಯೇ ಇರಬೇಕು.

ಆದರೆ ಆ ಕರಾರು ಎಲ್ಲರಿಗೂ ಇಲ್ಲ. ತಾತ ಹಿಂದಿನ ರಾತ್ರಿ ಇನ್ನೊಂದು ಮಾತು ಕೇಳಿದ್ದರು. ಚಿತ್ರದ ಮೊದಲ ದೃಶ್ಯದಲ್ಲೇ ಒಬ್ಬ ಕೆಲಸಗಾರ ಬೋನಿನ ಬಾಗಿಲ ಬಳಿ ಪ್ರಾಣಿಯ ಬಾಯಿಗೆ ಸಿಕ್ಕಿ ಸಾಯುತ್ತಾನೆ. "ಮೊದಲು ಸತ್ತನಲ್ಲಾ ಆ ಕೂಲಿಯವನು, ಅವನ ಹೆಂಡ್ತಿ ಮಕ್ಕಳು ಏನಾದರು?" ಹುಡುಗರಿಗೆ ಗೊತ್ತಿರಲಿಲ್ಲ, ಅವರು ಆ ದೃಶ್ಯವನ್ನೇ ಮರೆತಿದ್ದರು. ಅವನ ಮನೆಯವರು ಪರಿಹಾರಕ್ಕೆ ದಾವೆ ಹಾಕಿದ್ದಾರೆಂಬುದು ಚಿತ್ರದಲ್ಲಿ ಒಂದೇ ಮಾತಿನಲ್ಲಿ ಬಂದುಹೋಗುತ್ತದೆ. ಆ ದಾವೆಯ ಚಿಂತೆಯಿಂದ ಬಂದ ವಕೀಲ ಮುಂದೆ ಕಕ್ಕಸಿನಲ್ಲಿ ಅಡಗಿ ಕೂತು ಡೈನೋಸಾರ್ ಬಾಯಿಗೆ ಬೀಳುತ್ತಾನೆ. ಅವನು ಮಕ್ಕಳನ್ನು ಬಿಟ್ಟು ಓಡಿದ ಹೇಡಿ, ಆದ್ದರಿಂದ ಎಲ್ಲರೂ ನಗುತ್ತಾರೆ. ನಾವೂ ನಕ್ಕಿದ್ದೇವೆ, ಆ ರಾತ್ರಿಯೂ ನಕ್ಕೆವು. ತಾತ ನಗಲಿಲ್ಲ. ಆನೆ ತುಳಿದವರನ್ನು ಕಣ್ಣಾರೆ ಕಂಡವರು ಅವರು.

ಇಷ್ಟು ಚೆನ್ನಾಗಿ ಹೆಣೆದ ಚಿತ್ರ ಯಾರ ಸಾವಿಗೆ ಅಳಬೇಕು, ಯಾರ ಸಾವಿಗೆ ನಗಬೇಕು, ಯಾರ ಸಾವನ್ನು ಮರೆಯಬೇಕು ಎಂಬುದನ್ನೂ ಅಷ್ಟೇ ಚೆನ್ನಾಗಿ ನಮ್ಮಿಂದ ಮಾಡಿಸಿಬಿಡುತ್ತದೆ. ಮಕ್ಕಳಿಗೆ ಚಿತ್ರ ನೋಡಬೇಡಿ ಎನ್ನುವುದಕ್ಕಿಂತ, ಪಕ್ಕದಲ್ಲಿ ಇಂಥ ತಾತ ಒಬ್ಬರು ಕೂತಿರುವುದು ಮೇಲೆನಿಸಿತು ನಮಗೆ.

2023ರ ಮಾರ್ಚಿನಲ್ಲಿ ಹಾಲಿವುಡ್ಡಿನ ಆಸ್ಕರ್ ವೇದಿಕೆಯಲ್ಲಿ ಪ್ರಶಸ್ತಿ ಪಡೆದ 'ದಿ ಎಲಿಫೆಂಟ್ ವಿಸ್ಪರರ್ಸ್' ನಮ್ಮ ಓದುಗರಲ್ಲಿ ಹಲವರು ನೋಡಿರಬಹುದು. ಕಾರ್ತಿಕಿ ಗೊನ್ಸಾಲ್ವೆಸ್ ತೆಗೆದ ಸುಮಾರು 40 ನಿಮಿಷದ ಸಾಕ್ಷ್ಯಚಿತ್ರ. ಮುದುಮಲೆಯ ತೆಪ್ಪಕಾಡಿನಲ್ಲಿ ಬೊಮ್ಮನ್ ಮತ್ತು ಬೆಳ್ಳಿ ದಂಪತಿ ಸಾಕಿದ ಅದರ ರಘು ಎಂಬ ಮರಿ, ನಮ್ಮ ಹೊಸೂರು ಭಾಗದ ಕಾಡಿನಲ್ಲಿ ತಾಯಿಯನ್ನು ಕಳೆದುಕೊಂಡು ಸಿಕ್ಕಿದ್ದು. ಅಲ್ಲಿ ಅಬ್ಬರವಿಲ್ಲ, ಓಟವಿಲ್ಲ. ಹುಡುಗರಿಗೆ ಅದನ್ನೂ ತೋರಿಸೋಣವೆಂದು ಎರಡನೆಯ ರಾತ್ರಿ ಹಾಕಿದೆವು. ಮೊದಲು ಗೊಣಗಿದರು, ಆಮೇಲೆ ಮರಿ ಬೊಮ್ಮನ್ ಜೊತೆ ನೀರಿಗಿಳಿದಾಗ ಸುಮ್ಮನಾದರು.

ಚಿತ್ರ ಅರ್ಧಕ್ಕೆ ಬಂದಿತ್ತು. ಕಾಡಿನ ಕಡೆಯಿಂದ ಪಟಾಕಿ ಸದ್ದು ಕೇಳಿಸಿತು, ಒಂದು, ಬೆನ್ನಿಗೇ ಎರಡು. ದೊಡ್ಡ ಹುಡುಗ ಟೀವಿ ನಿಲ್ಲಿಸಿದ. ರಾಗಿ ಇನ್ನೂ ಒಕ್ಕಿರಲಿಲ್ಲ, ಮೆದೆ ಹೊಲದಲ್ಲೇ ಇತ್ತು. ಅವನಪ್ಪ ಟಾರ್ಚು, ತಗಡಿನ ಡಬ್ಬ ತೆಗೆದುಕೊಂಡು ಶಿಲುಬೆ ಗುರುತು ಹಾಕಿ ಹೊರಟರು. ತಾತ ಬಾಗಿಲಲ್ಲಿ ನಿಂತು ಕಿವಿಗೊಟ್ಟು, "ಮರಿ ಐತೆ ಜೊತೇಲಿ. ಹತ್ರ ಹೋಗಬ್ಯಾಡ" ಎಂದು ಮಗನಿಗೆ ಕೂಗಿ ಹೇಳಿದರು. ಉಳಿದ ಅರ್ಧ ಚಿತ್ರವನ್ನು ಬೆಳಿಗ್ಗೆ, ಅವರು ಬಂದು ಕಾಫಿ ಕುಡಿದ ಮೇಲೆ, ಎಲ್ಲರೂ ಕೂತು ನೋಡಿದೆವು.