ಬೀರುವಿನೊಳಗಿನ ಕ್ಯಾಮೆರಾಗಳು

ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾಗಳನ್ನು ಸಂಗ್ರಹಿಸುವ ನಮ್ಮಂಥವರ ನಾಲಗೆಯ ತುದಿಯಲ್ಲಿ ಒಂದು ಹೆಮ್ಮೆಯ ಮಾತು ಸದಾ ಇರುತ್ತದೆ: ಗುಜರಿಗೆ ಹೋಗಬೇಕಾಗಿದ್ದ ಯಂತ್ರಗಳನ್ನು ನಾವು ಉಳಿಸುತ್ತಿದ್ದೇವೆ. ಮುಂಬಯಿಯ ಚೋರ್ ಬಜಾರಿನಲ್ಲಿ ಗ್ರಾಮಾಫೋನುಗಳ ಮತ್ತು ಒಡೆದ ಗಡಿಯಾರಗಳ ನಡುವೆ ಬಿದ್ದಿದ್ದ ಒಂದು ಜೋರ್ಕಿಯನ್ನು ಚೌಕಾಸಿ ಮಾಡಿ ಮನೆಗೆ ತಂದ ದಿನ ಆ ಮಾತು ನಿಜವೆಂದೇ ತೋರುತ್ತದೆ. ತಂದ ಮೇಲೆ ಅದನ್ನು ಏನು ಮಾಡಿದೆವು? ನಮ್ಮಲ್ಲಿ ಬಹುಮಂದಿಯ ಉತ್ತರ ಒಂದೇ: ಒರೆಸಿ ಬೀರುವಿನಲ್ಲಿಟ್ಟೆವು. ಇದನ್ನು ಉಳಿಸುವುದೆಂದು ಕರೆಯಲು ನಮಗೀಗ ಮನಸ್ಸು ಒಪ್ಪುತ್ತಿಲ್ಲ.

ರೇಂಜ್‌ಫೈಂಡರ್ ಎಂದರೆ ದೂರಮಾಪಕ. ಕ್ಯಾಮೆರಾದ ಹಣೆಯಲ್ಲಿ ಅಂತರಬಿಟ್ಟು ಕೊರೆದ ಎರಡು ಕಿಂಡಿಗಳಿಂದ ಒಂದೇ ವಸ್ತುವಿನ ಎರಡು ಬಿಂಬಗಳು ಒಳಗೆ ಬರುತ್ತವೆ. ಲೆನ್ಸಿನ ಬಳೆಯನ್ನು ತಿರುಗಿಸಿದಂತೆ ಒಂದು ಬಿಂಬ ಮೆಲ್ಲನೆ ಸರಿದು ಇನ್ನೊಂದರ ಮೇಲೆ ಕೂರುತ್ತದೆ. ಆಗ ಫೋಕಸ್ ಆಯಿತೆಂದು ಅರ್ಥ. ಭೂಮಾಪಕರ ತ್ರಿಕೋಣಮಿತಿಯೇ ಇಲ್ಲಿ ಅಂಗೈಯಗಲಕ್ಕೆ ಇಳಿದಿದೆ. 1932ರಲ್ಲಿ ಬಂದ ಲೈಕಾ 2 ಮತ್ತು ಕಾಂಟ್ಯಾಕ್ಸ್ ಕ್ಯಾಮೆರಾಗಳಲ್ಲಿ ಈ ದೂರಮಾಪಕ ಲೆನ್ಸಿನ ಚಲನೆಗೇ ಜೋಡಣೆಗೊಂಡಿತು. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಗುಂಡಿ ಒತ್ತಿದೊಡನೆ ಕನ್ನಡಿ ಮೇಲೆದ್ದು ಕಣ್ಣಿಗೆ ಕ್ಷಣಕಾಲ ಕತ್ತಲು ಕವಿಯುತ್ತದೆ, ಇಲ್ಲಿ ಹಾಗಿಲ್ಲ. ಚಿತ್ರವಾಗುವ ಕ್ಷಣ ನೋಡುತ್ತಿರುವವನ ಕಣ್ಣಿಗೂ ಬೀಳುತ್ತದೆ. 1948ರ ಜನವರಿಯಲ್ಲಿ ದೆಹಲಿಯಲ್ಲಿದ್ದ ಕಾರ್ಟಿಯೆ ಬ್ರೆಸಾನ್‌ರ ಕೈಯಲ್ಲಿದ್ದದ್ದು ಇಂಥದೇ ಒಂದು ಲೈಕಾ. ಗಾಂಧೀಜಿಯವರ ಕೊನೆಯ ದಿನಗಳೂ ಅವರ ಅಂತ್ಯಯಾತ್ರೆಯ ಜನಸಾಗರವೂ ಅದರ ಕಿಂಡಿಯ ಮೂಲಕವೇ ನಮಗೆ ದಕ್ಕಿವೆ.

ಸಂಬಳದವರ ಕೈಗೆ ಲೈಕಾ ಎಟುಕುವುದಿಲ್ಲ. ನಮಗೆ ದಕ್ಕಿದ್ದು ಅದರ ಸೋವಿಯತ್ ದಾಯಾದಿಗಳು. ಖಾರ್ಕೊವ್‌ನಲ್ಲಿ ಮನೆಯಿಲ್ಲದ ಮಕ್ಕಳಿಗಾಗಿ ನಡೆಯುತ್ತಿದ್ದ ಕಮ್ಯೂನಿನಲ್ಲಿ 1934ರಿಂದ ಲೈಕಾದ ಮಾದರಿಯಲ್ಲಿ ಫೆಡ್ ತಯಾರಾಗತೊಡಗಿತು. ಯುದ್ಧದ ಬಳಿಕ ಜರ್ಮನಿಯಿಂದ ಪರಿಹಾರದ ರೂಪದಲ್ಲಿ ಸಾಗಿಸಿದ ಯಂತ್ರೋಪಕರಣಗಳಿಂದ ಕಾಂಟ್ಯಾಕ್ಸ್ ಕೀವ್ ನಗರದಲ್ಲಿ ಮರುಹುಟ್ಟು ಪಡೆದು ಕೀವ್ ಎಂಬ ಹೆಸರನ್ನೇ ಧರಿಸಿತು. ಇಂಥ ಫೆಡ್, ಜೋರ್ಕಿಗಳ ಮೂಲ ಹೆಸರನ್ನು ಅಳಿಸಿ, ಚಿನ್ನದ ನೀರು ಕುಡಿಸಿ, ಸ್ವಸ್ತಿಕ ಕೆತ್ತಿ ಯುದ್ಧಕಾಲದ ಲೈಕಾ ಎಂದು ಮಾರುವ ದಂಧೆಯೊಂದಿದೆ. ಬೀರುವಿಗಾಗಿಯೇ ಕೊಳ್ಳುವವರು ಇರುವುದರಿಂದಲೇ ಅದು ನಡೆಯುತ್ತಿದೆ. ಫಿಲ್ಮ್ ಹಾಕಿ ಬಳಸುವವನಿಗೆ ಸ್ವಸ್ತಿಕದಿಂದ ಆಗಬೇಕಾದ್ದೇನು?

ಈ ಮಾತು ಆಡುವ ಯೋಗ್ಯತೆ ನಮಗೂ ಇರಲಿಲ್ಲ. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ನಮಗೆ ಎರಡು ವರ್ಷಗಳ ಮಟ್ಟಿಗೆ ದೆಹಲಿಗೆ ವರ್ಗವಾದಾಗ ಆರು ಕ್ಯಾಮೆರಾಗಳನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಟ್ರಂಕಿನಲ್ಲಿಟ್ಟು, ಡೊಂಬಿವಲಿಯ ಬಂಧುಗಳ ಅಟ್ಟಕ್ಕೇರಿಸಿದೆವು. ಒಂದು ಫೆಡ್ 2 ಮಾತ್ರ ಜೊತೆಗೆ ಬಂದಿತು. ಎರಡು ಮಳೆಗಾಲ ಕಳೆದು ಟ್ರಂಕು ತೆರೆದಾಗ, ನಾವು ಎಲ್ಲಕ್ಕಿಂತ ಜೋಪಾನ ಮಾಡಿದ್ದ ಜುಪಿಟರ್ 8 ಲೆನ್ಸಿನೊಳಗೆ ಬೂಷ್ಟು ಜೇಡರ ಬಲೆಯಂತೆ ಹರಡಿ ಗಾಜಿನ ಲೇಪನವನ್ನು ತಿಂದಿತ್ತು. ಒರೆಸಿದರೂ ಕಲೆ ಹೋಗಲಿಲ್ಲ. ಜೋರ್ಕಿಯ ಷಟರ್ ಅರ್ಧ ದಾರಿಯಲ್ಲೇ ನಿಂತಿತು. ಒಳಗಿನ ಎಣ್ಣೆ ಅಂಟಾಗಿತ್ತು. ಮೆತ್ತನೆಯ ಬಟ್ಟೆ ತೇವವನ್ನು ಹಿಡಿದಿಟ್ಟುಕೊಂಡು ಬೂಷ್ಟಿಗೆ ಹಾಸಿಗೆಯಾಗಿತ್ತಷ್ಟೆ. ಭಾನುವಾರ ಭಾನುವಾರ ಲೋಧಿ ಉದ್ಯಾನದಲ್ಲಿ ಅಲೆದ ಫೆಡ್ ಮಾತ್ರ ಸರಾಗವಾಗಿ ನಡೆಯುತ್ತಿತ್ತು. ದೆಹಲಿಯ ಒಣಹವೆಯ ಪಾಲೂ ಅದರಲ್ಲಿ ಇದ್ದೀತು, ನಿಜ. ಆದರೆ ಗಾಳಿಬೆಳಕು ಕಾಣುವ ಲೆನ್ಸಿಗೆ ಬೂಷ್ಟು ಸುಲಭವಾಗಿ ಹಿಡಿಯದು. ಆಗಾಗ ಓಡಿಸಿದ ಷಟರ್ ಬೇಗ ಜಡ್ಡುಗಟ್ಟದು.

ಬಳಸಿದರೆ ಸವೆಯುವುದಿಲ್ಲವೆ, ಬಿಡಿಭಾಗಗಳು ಎಲ್ಲಿ ಸಿಗುತ್ತವೆ ಎಂದು ನಮ್ಮ ಗೆಳೆಯರು ಆಕ್ಷೇಪಿಸುತ್ತಾರೆ. ಆಕ್ಷೇಪ ಹುರುಳಿಲ್ಲದ್ದಲ್ಲ. ಬಳಕೆಗೂ ಅದರದೇ ಅಪಾಯಗಳಿವೆ. ಲೆನ್ಸಿನ ಮುಚ್ಚಳ ತೆಗೆದ ಕ್ಯಾಮೆರಾವನ್ನು ಸೂರ್ಯನಿಗೆ ಮುಖಮಾಡಿ ಇಟ್ಟರೆ, ನಡುವೆ ಕನ್ನಡಿಯಿಲ್ಲದ್ದರಿಂದ, ಬಿಸಿಲು ಷಟರಿನ ಬಟ್ಟೆಯ ಮೇಲೆ ಬಿಂದುವಾಗಿ ಬಿದ್ದು ತೂತು ಸುಡುತ್ತದೆ. ಜೋರ್ಕಿ 4ರಲ್ಲಿ ಷಟರ್ ಎಳೆದು ಸಜ್ಜುಮಾಡುವ ಮುನ್ನ ವೇಗ ಬದಲಿಸಿದರೆ ಒಳಗಿನ ಯಂತ್ರವೇ ಕೆಡಬಹುದು. ಫಿಲ್ಮಿನ ಬೆಲೆಯಂತೂ ಮೂವತ್ತಾರು ಚಿತ್ರಗಳಲ್ಲಿ ಒಂದೊಂದಕ್ಕೂ ಲೆಕ್ಕ ಕೇಳುತ್ತದೆ. ಆದರೂ ಸವೆದದ್ದನ್ನು ತಿದ್ದುವ ಕುಶಲಿ ಬೇಕೆಂದರೆ ಅವನ ಮೇಜಿಗೆ ಕೆಲಸ ಹೋಗುತ್ತಿರಬೇಕು. ನಮ್ಮ ಕ್ಯಾಮೆರಾಗಳನ್ನು ರಿಪೇರಿ ಮಾಡುವ ವೃದ್ಧರು ಮಗನಿಗೆ ಈ ವಿದ್ಯೆ ಕಲಿಸಲಿಲ್ಲ. ಏಕೆಂದು ಕೇಳಿದಾಗ, ‘ನೀವೆಲ್ಲ ಕೊಳ್ಳುತ್ತೀರಿ ಸಾಹೇಬರೆ, ಆದರೆ ಕೆಡಿಸುವುದಿಲ್ಲವಲ್ಲ’ ಎಂದು ನಕ್ಕರು. ಆ ನಗೆಯ ಮುಂದೆ ನಮ್ಮಲ್ಲಿ ಮಾತಿರಲಿಲ್ಲ.

ಅಂದಿನಿಂದ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಮೂರು ತಿಂಗಳಿಗೊಂದು ರೀಲು ಹಾಕಲಾಗದ ಕ್ಯಾಮೆರಾ ನಮ್ಮ ಮನೆಯಲ್ಲಿರಕೂಡದು. ಸಂಬಳಕ್ಕೂ ಬಿಡುವಿಗೂ ಲೆಕ್ಕ ಹಾಕಿದಾಗ ನಮ್ಮ ಯೋಗ್ಯತೆ ಮೂರಕ್ಕೆ ನಿಂತಿತು. ಉಳಿದ ನಾಲ್ಕರಲ್ಲಿ ಎರಡನ್ನು ಕೊಂಡ ಬೆಲೆಗೇ ಮಾರಿದೆವು. ರಿಪೇರಿಯಾದ ಜೋರ್ಕಿಯನ್ನು ನೆರೆಮನೆಯ ಕಾಲೇಜು ಹುಡುಗಿಗೆ ಕೊಟ್ಟೆವು. ಅವಳು ಮೊದಲ ರೀಲಿನಲ್ಲೇ ಹನ್ನೊಂದು ಚಿತ್ರಗಳನ್ನು ಮುಚ್ಚಳ ತೆಗೆಯದೆ ಹೊಡೆದಳು. ರೇಂಜ್‌ಫೈಂಡರ್ ಹಿಡಿದವರೆಲ್ಲರೂ ಒಮ್ಮೆ ಈ ತಪ್ಪು ಮಾಡಿದವರೇ. ಕಿಂಡಿಯಲ್ಲಿ ಲೋಕ ಕಾಣುತ್ತಲೇ ಇರುತ್ತದೆ, ಲೆನ್ಸು ಕುರುಡಾಗಿರುತ್ತದೆ. ಕೀವ್ ಒಂದರ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಅದರ ಷಟರಿನ ಲೋಹದ ಪಟ್ಟಿಗಳನ್ನು ಎಳೆಯುವ ರೇಷ್ಮೆಯ ಲಾಡಿ ತುಂಡಾಗಿದೆ. ಬದಲಿಸಬೇಕಾದರೆ ಇಡೀ ಕ್ಯಾಮೆರಾ ಬಿಚ್ಚಬೇಕು, ತಮ್ಮ ಕಣ್ಣು ಈಗ ಅಷ್ಟು ಸೂಕ್ಷ್ಮಕ್ಕೆ ಸಾಲದು ಎಂದು ವೃದ್ಧರು ಹೇಳಿದ್ದಾರೆ. ಪಕ್ಕದಲ್ಲಿ ಕೂತು ಬಿಚ್ಚುವುದಾದರೆ ಹೇಳಿಕೊಡುವೆನೆಂದೂ ಹೇಳಿದ್ದಾರೆ. ಮುಂದಿನ ಎರಡನೆಯ ಶನಿವಾರ ಕೀವನ್ನು ಎತ್ತಿಕೊಂಡು ಹೋಗಬೇಕೆಂದಿದ್ದೇವೆ.